ಗಾಡಿ ಮೇಲೆ ಕೂತ ಸೋಲಾರ್

ದೇವನಹಳ್ಳಿ ಕಡೆ ವಿಮಾನ ನಿಲ್ದಾಣಕ್ಕೆ ಜಮೀನು ಹೋದ ಮೇಲೆ ತೂಬಗೆರೆ ಸುತ್ತಮುತ್ತ ಪಹಣಿ ಕೇಳಿದವರನ್ನು ಯಾರೂ ನಂಬುತ್ತಿರಲಿಲ್ಲ. ನಾನಾಗ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ನನ್ನ ಅಕ್ಕ ಅಲ್ಲಿ ಒಂದೂವರೆ ಎಕರೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದಳು. ಕರೆಂಟು ಬಂದಾಗಷ್ಟೇ ಮೋಟಾರು ಓಡುತ್ತಿತ್ತು. ಸೊಪ್ಪು ಬಾಡಿದರೆ ಹುಳುವಿಗೆ ಮೇವಿಲ್ಲ.

ಆ ಬೇಸಿಗೆಯಲ್ಲಿ ಒಂದು ಸಂಸ್ಥೆಯವರು ಬಂದರು. ಬಿಸಿಲಿನಿಂದ ಓಡುವ ಪಂಪು, ಗಿಡದ ಬುಡಕ್ಕೆ ಹನಿ ನೀರು, ಎಲ್ಲವನ್ನೂ ನಾವೇ ಹಾಕಿಕೊಡುತ್ತೇವೆ ಎಂದರು. ಅವರಿಗೆ ಬೇಕಾದ್ದು ಪಹಣಿಯ ನಕಲು, ಒಂದು ಸಹಿ, ಮತ್ತೆ ಹೊಲದ ಮೂಲೆಯಲ್ಲಿ ಕಾಂಕ್ರೀಟ್ ಹಾಕಿ ಸೋಲಾರ್ ಫಲಕಗಳಿಗೆ ನಾಲ್ಕು ಕಂಬ ನಿಲ್ಲಿಸಲು ಜಾಗ.

ಅಕ್ಕ ಕಾಗದಗಳನ್ನು ನನ್ನ ಮುಂದಿಟ್ಟಳು. "ನೀನೇ ಓದೋ. ಎಲ್ಲಾದ್ರೂ ಜಮೀನು ಬರ್ಕೊಡ್ಬೇಕು ಅಂತ ಐತಾ ನೋಡು."

ಎರಡು ಸಲ ಓದಿದೆ. ಹಾಗೆ ಎಲ್ಲೂ ಇರಲಿಲ್ಲ. ಐದು ವರ್ಷ ಸಲಕರಣೆ ಸಂಸ್ಥೆಯದ್ದೇ ಎಂದಿತ್ತು. ಅದು ನಿಲ್ಲುವ ನೆಲದ ಬಗ್ಗೆ ಒಂದು ಮಾತೂ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ.

"ದೇವನಹಳ್ಳಿ ಕಡೆನೂ ಮೊದ್ಲು ಬಂದಿದ್ದು ಸರ್ವೆ ಕಲ್ಲೇ ಕಣಮ್ಮಾ," ಎಂದರು ಪಕ್ಕದ ಹೊಲದ ಮಾವ. "ವಿಮಾನ ಆಮೇಲೆ ಬಂತು."

ಮರುದಿನ ಸಂಸ್ಥೆಯ ಎಂಜಿನಿಯರ್ ಬಂದು ಗುಂಡಿ ತೋಡಲು ಸುಣ್ಣದ ಗುರುತು ಹಾಕಿದರು. ಅಕ್ಕ ಅದನ್ನು ಕಾಲಲ್ಲಿ ಅಳಿಸಿದಳು.

"ನೆಲ ಅಗೀಬೇಡಿ. ಎತ್ತಿನ ಗಾಡಿ ಮೇಲೆ ಕೂರ್ಸಿ. ಬೆಳಗ್ಗೆ ತರ್ತೀನಿ, ಸಂಜೆ ಮನೆಗೆ ಹೊಡ್ಕೊಂಡ್ ಹೋಗ್ತೀನಿ."

"ಗಾಳಿಗೆ ಬಿದ್ರೆ, ಅಮ್ಮಾ?"

"ಬಿದ್ರೆ ನಿಮ್ದು ಬೀಳುತ್ತೆ. ನಂದು ಹೋಗಲ್ಲ."

ಅವರು ಯಾರಿಗೋ ಫೋನು ಮಾಡಿ ಒಪ್ಪಿಸಿದರು. 'ಗಾಡಿಯ ಮೇಲೆ ಮಾತ್ರ' ಎಂದು ಕಾಗದದಲ್ಲಿ ನಾನೇ ಬರೆದ ಮೇಲೆ ಅಕ್ಕ ಸಹಿ ಹಾಕಿದಳು.

ಗಾಡಿ ಹೊಲಕ್ಕೆ ಹೊರಟಾಗ ಮಾವ ನಕ್ಕರು. "ಏನಮ್ಮಾ, ಸೂರ್ಯನ್ನ ಮೆರವಣಿಗೆ ಹೊರಡಿಸಿದ್ಯಾ?"

ನೀರಿನ ಮೇಲೂ ಅಕ್ಕನಿಗೆ ನಂಬಿಕೆ ಇರಲಿಲ್ಲ. ಸಾಲುಗಳಲ್ಲಿ ನೀರು ಹರಿಯದೆ ಮೇಲ್ಮಣ್ಣು ಒಣಗಿಯೇ ಕಾಣುತ್ತಿತ್ತು. ದಿನವೂ ಒಂದೊಂದು ಗಿಡದ ಬುಡ ಕೆದಕಿ, ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತಿದ್ದಳು.

ಸೊಪ್ಪು ಬಂತು, ಹುಳು ಗೂಡು ಕಟ್ಟಿತು. ಎಂಜಿನಿಯರ್ ಜೀಪಿನಲ್ಲಿ ಸಿಮೆಂಟ್ ಚೀಲ ಹಾಕಿಕೊಂಡು ಮತ್ತೆ ಬಂದರು.

"ಈಗ್ಲಾದ್ರೂ ನಂಬಿಕೆ ಬಂತಾ, ಅಮ್ಮಾ?"

"ನೀರಿನ ಮೇಲೆ ಬಂತು," ಎಂದು ಅಕ್ಕ ಎತ್ತುಗಳನ್ನು ಗಾಡಿಗೆ ಹೂಡಿದಳು.

ಸಿಮೆಂಟ್ ಇಳಿಯಲಿಲ್ಲ. ಮಾವ ಎಂಜಿನಿಯರನ್ನು ಕರೆದುಕೊಂಡು ಹೋಗಿ ತಮ್ಮ ಗಾಡಿಯ ಅಳತೆ ತೆಗೆಸಿದರು.