ಪೂಜೆಗೆ ಬಿಚ್ಚಿದ ಪ್ರೊಪೆಲ್ಲರ್

ಬೇರೆಯವರು ಆಯುಧಪೂಜೆಗೆ ಕತ್ತರಿ, ಕುಡುಗೋಲು ಇಟ್ಟರೆ ನಮ್ಮ ಮನೆಯಲ್ಲಿ ದೋಣಿಯ ಪ್ರೊಪೆಲ್ಲರ್ ಇಡುತ್ತೇವೆ. ಮಾವನವರು ಹರೆಯದಲ್ಲೇ ಹಾವೇರಿ ಕಡೆಯಿಂದ ಈ ತಮಿಳು ಸೀಮೆಗೆ ಬಂದು, ಕಾಸಿಮೇಡಿನ ಮೀನುಗಾರಿಕೆ ಬಂದರಿನ ಹತ್ತಿರ ದೋಣಿ ಎಂಜಿನ್ನುಗಳ ಬಿಡಿಭಾಗದ ಅಂಗಡಿ ಹಾಕಿದವರು. ರಿಪೇರಿಯಾದ ಎಂಜಿನ್ನುಗಳನ್ನು ಓಡಿಸಿ ನೋಡಲು ಒಂದು ಸಣ್ಣ ಫೈಬರ್ ದೋಣಿಯೂ ಇದೆ. ಹಬ್ಬದ ಹಿಂದಿನ ದಿನ ಅದರ ಪ್ರೊಪೆಲ್ಲರನ್ನು ಬಿಚ್ಚಿ ಅಣ್ಣಾ ನಗರದ ಮನೆಗೆ ತರುತ್ತಾರೆ. ಅತ್ತೆ ಅದನ್ನು ತಿಕ್ಕಿ ತೊಳೆದು, ವಿಭೂತಿ ಎಳೆದು, ಮಣೆಯ ಮೇಲೆ ಕೂರಿಸುತ್ತಾರೆ. ಅದರ ನಟ್ಟು, ವಾಷರ್, ಪಿನ್ನುಗಳಿಗೆ ಪಕ್ಕದಲ್ಲೇ ಒಂದು ಹಿತ್ತಾಳೆ ತಟ್ಟೆ. ವಿಜಯದಶಮಿಯ ಬೆಳಿಗ್ಗೆ ಎಲ್ಲವನ್ನೂ ಮತ್ತೆ ಜೋಡಿಸಿ, ಮನೆಯವರನ್ನು ಕೂರಿಸಿಕೊಂಡು ಸಮುದ್ರದಲ್ಲಿ ಒಂದು ಸುತ್ತು ಹಾಕಿಬಂದರೆ ಆ ವರ್ಷದ ವ್ಯಾಪಾರ ಶುರುವಾದಂತೆ.

ಆ ಸುತ್ತು ಎಂದರೆ ಮದುವೆಯಾದಾಗಿನಿಂದ ನನಗೆ ಬೇಡವೇ ಬೇಡ. ನನಗೆ ಈಜು ಬರುವುದಿಲ್ಲ. ಕೊಡದ ನೀರಿಗೇ ಹೆದರುತ್ತೀಯ ಎಂದು ಗಂಡ ಕಾಡಿಸುವುದುಂಟು. ಹೆದರುತ್ತೇನೆ, ಅದರಲ್ಲೇನು ಮುಚ್ಚುಮರೆ?

ಆ ವರ್ಷ ಗಂಡ ಅಂಗಡಿಯಲ್ಲಿ ಗಿರಾಕಿಗಳಿಗೆ ಸಿಹಿ ಹಂಚಲು ನಿಂತರು. ದೋಣಿಗೆ ಹೊರಟವರು ಮಾವನವರು, ನಾನು ಮತ್ತು ಎರಡನೇ ಕ್ಲಾಸಿನ ನನ್ನ ಮಗಳು. ರಾಹುಕಾಲ ಹತ್ತಿರ ಬರುತ್ತಿತ್ತು. ಅದರೊಳಗೆ ದೋಣಿ ನೀರಿಗಿಳಿಯಬೇಕು ಎಂದು ಅತ್ತೆ ಮನೆಯಿಂದಲೇ ತಾಕೀತು ಮಾಡಿ ಕಳಿಸಿದ್ದರು. ಮಾವನವರು ಗಡಿಬಿಡಿಯಲ್ಲಿ ಪ್ರೊಪೆಲ್ಲರ್ ಕೂರಿಸಿ, ಸ್ಪ್ಯಾನರಿನಿಂದ ನಟ್ಟು ಬಿಗಿದು, ಕೈ ಒರೆಸಿಕೊಂಡರು.

"ಮಾವಾರ, ಎಲ್ಲಾ ನೋಡೀರೇನ್ರಿ?" ಎಂದೆ.

"ನೋಡೀನವ್ವ. ಪೆಟ್ರೋಲ್ ಐತಿ, ಲಂಗರ ಐತಿ, ಹಗ್ಗ ಐತಿ. ಮುಂದ ನಿಂಬಿಹಣ್ಣ ಕಟ್ಟೀನಿ. ಇನ್ನೇನ್ ಬೇಕ?"

ಲೈಫ್ ಜಾಕೆಟ್ ಎರಡೇ ಇದ್ದವು. ಒಂದನ್ನು ಮಗಳಿಗೆ ತೊಡಿಸಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ನಿಮಗೆ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟರು. "ನನಗ್ಯಾಕವ್ವ ಅದು! ಈ ನೀರ ನೋಡ್ಕೋತನ ತಲಿ ಬೆಳ್ಳಗಾತು." ಮುದುಕರ ಜಂಬ ಎಂದುಕೊಂಡು ಜಾಕೆಟ್ ಹಾಕಿಕೊಂಡೆ; ಪಟ್ಟಿ ಬಿಗಿದವರು ಅವರು.

ಬಂದರಿನ ಬಾಯಿ ದಾಟಿ, ಅಲೆ ತಡೆಯಲು ಸುರಿದ ಬಂಡೆಗಳ ಸಾಲು ಹಿಂದೆ ಬೀಳುವವರೆಗೆ ಎಲ್ಲವೂ ಸರಿಯಿತ್ತು. ಈಶಾನ್ಯದ ಗಾಳಿ ಆಗಷ್ಟೇ ಎದ್ದಿತ್ತು. ಇನ್ನೇನು ತಿರುಗಿಸಬೇಕು ಎನ್ನುವಾಗ ಎಂಜಿನ್ ಒಮ್ಮೆಲೇ ಕಿರುಚಿತು. ಸದ್ದು ಏರುತ್ತಲೇ ಹೋಯಿತು, ದೋಣಿ ಮಾತ್ರ ನಿಂತಿತು. ಮಾವನವರು ಎಂಜಿನ್ ಆರಿಸಿ, ಅದರ ಹಿಂಭಾಗವನ್ನು ನೀರಿನಿಂದ ಮೇಲೆತ್ತಿದರು. ಪ್ರೊಪೆಲ್ಲರ್ ಇರಬೇಕಾದಲ್ಲಿ ಬೋಳು ಕಂಬಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಪಿನ್ ಹಾಕಿಲ್ಲ," ಎಂದರು.

ನಟ್ಟು ತಿರುಗಿ ಕಳಚಿಕೊಳ್ಳದ ಹಾಗೆ ಕಂಬಿಯ ತೂತಿನಲ್ಲಿ ತೂರಿಸಿ ಬಗ್ಗಿಸುವ ಪಿನ್ನು ಅದು. ಹಳೇ ಪಿನ್ ಬಳಸಬೇಡಿ, ಬಗ್ಗಿಸದೆ ಬಿಡಬೇಡಿ ಎಂದು ಇದೇ ಮಾವನವರು ಗಿರಾಕಿಗಳ ತಲೆ ತಿನ್ನುವುದನ್ನು ನಾನೇ ಎಷ್ಟು ಸಲ ಕೇಳಿಲ್ಲ!

ಗಾಳಿ ನಮ್ಮನ್ನು ಬಂಡೆಗಳ ಕಡೆ ತಳ್ಳತೊಡಗಿತು. ಲಂಗರು ಇಳಿಸಿದರು. ಹಗ್ಗ ಬಿಗಿಯಾಯಿತು, ಸಡಿಲವಾಯಿತು, ಮತ್ತೆ ಬಿಗಿಯಾಯಿತು. ತಳದ ಮರಳಿನಲ್ಲಿ ಲಂಗರು ಹಿಡಿಯದೆ ನಮ್ಮ ಜೊತೆಗೇ ಎಳೆದುಕೊಂಡು ಬರುತ್ತಿತ್ತು. ನನ್ನ ಫೋನನ್ನು ನೀರಿಗೆ ಬಿದ್ದೀತೆಂದು ಕಾರಿನಲ್ಲಿ ಬಿಟ್ಟಿದ್ದೆ. ಮಾವನವರದು ಅಂಗಡಿಯಲ್ಲಿ ಚಾರ್ಜಿಗೆ ಹಾಕಿತ್ತು. ಬಂಡೆಗೆ ಅಲೆ ಹೊಡೆಯುವ ಸದ್ದು ಈಗ ಬಿಡಿಬಿಡಿಯಾಗಿ ಕೇಳುತ್ತಿತ್ತು. ಜಾಕೆಟ್ ನೀರಿನಲ್ಲಿ ತೇಲಿಸೀತು, ಸರಿ, ಬಂಡೆಗೆ ಬಡಿದರೆ ಅದೇನು ಮಾಡೀತು?

"ಬಯಮಾ ಇರುಕ್ಕು ಮಾ," ಎಂದಳು ಮಗಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ. ನನಗೂ ಭಯ ಕಣೇ ಎನ್ನುವ ಬದಲು ಅವಳ ಹಣೆಯ ಕೂದಲು ಸರಿಸಿದೆ.

ದೂರದಲ್ಲಿ ಒಂದು ಮೀನಿನ ದೋಣಿ ಬಂದರಿಗೆ ಮರಳುತ್ತಿತ್ತು. ದುಪಟ್ಟಾ ಬೀಸಲು ಏಳಹೋದೆ.

"ಏಳಬ್ಯಾಡವ್ವ! ಏಳಬ್ಯಾಡ!"

ನನ್ನ ಪಿತ್ತ ನೆತ್ತಿಗೇರಿತು. ಊರಿಗೆಲ್ಲ ಪಿನ್ ಮಾರುವವನು ಪಿನ್ನಿಲ್ಲದೆ ಸಿಕ್ಕಿಬಿದ್ದದ್ದನ್ನು ಗಿರಾಕಿಗಳು ನೋಡಬಾರದು, ಅದಕ್ಕೇ ಈ ಮಾತು ಎಂದುಕೊಂಡೆ. ಮಾವನ ಎದುರು ಎಂದೂ ದನಿ ಎತ್ತದವಳು ಅವತ್ತು ಕೂಗಿಬಿಟ್ಟೆ. "ನಿಮ್ಮ ಮರ್ಯಾದಿ ಹೋದ್ರ ಹೋಗ್ಲಿ ಮಾವಾರ! ನನ್ನ ಮಗಳು ಉಳೀಬೇಕು!"

ದೋಣಿ ಹೊಯ್ದಾಡಿದರೂ ಮೊಣಕಾಲೂರಿ ಎದ್ದು, ತೋಳು ಸೋಲುವ ತನಕ ದುಪಟ್ಟಾ ಬೀಸಿದೆ. ಬಂಡೆಗಳ ಮೇಲಿನ ಏಡಿಗಳು ಕಾಣುವಷ್ಟು ಹತ್ತಿರಕ್ಕೆ ಬಂದಾಗ ಆ ದೋಣಿ ನಮ್ಮ ಕಡೆ ತಿರುಗಿತು.

ಅದನ್ನು ನಡೆಸುತ್ತಿದ್ದವನು ನಮ್ಮ ಅಂಗಡಿಯ ಗಿರಾಕಿಯೇ. ಏನು ಎತ್ತ ಎಂದು ಕೇಳದೆ ಹಗ್ಗ ಎಸೆದು, ನಮ್ಮನ್ನು ಬಂದರಿನೊಳಕ್ಕೆ ಎಳೆದುಕೊಂಡು ಬಂದ. ದಡಕ್ಕೆ ಕಟ್ಟಿದ ಮೇಲೆ ಮಾವನವರತ್ತ ಬಗ್ಗಿ ಮೆಲ್ಲಗೆ, "ಕೈಯೆ ವಿಡುಂಗ ಮುದಲಾಳಿ, ಕೊಳಂದ ಅಳುದು," ಎಂದ. ಕೈ ಬಿಡಿ ಯಜಮಾನರೇ, ಮಗು ಅಳುತ್ತಿದೆ ಎಂದು. ಆಗಲೇ ನಾನು ನೋಡಿದ್ದು. ಮಾವನವರ ಒಂದು ಕೈ ದೋಣಿಯ ಅಂಚನ್ನೂ ಇನ್ನೊಂದು ನನ್ನ ಮಗಳ ತೋಳನ್ನೂ ಹಿಡಿದುಕೊಂಡಿತ್ತು. ಬಿಡಲು ಅವರಿಂದ ಆಗುತ್ತಿರಲಿಲ್ಲ. ಆ ಗಿರಾಕಿಯೂ ನಾನೂ ಸೇರಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆವು.

ಮನೆಗೆ ಬಂದರೆ ಅತ್ತೆ ಹಿತ್ತಾಳೆ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಹೂವಿನ ಬುಡಕ ಇದೊಂದು ಉಳದಿತ್ತು ನೋಡ್ರಿ," ಎಂದರು. ಪಿನ್ನಿನ ತಲೆಗೆ ಕುಂಕುಮ ಹಚ್ಚಿತ್ತು. ಮಾವನವರು ಅದನ್ನು ತೆಗೆದುಕೊಂಡು ಕುರ್ಚಿಯಲ್ಲಿ ಕುಸಿದು ಕೂತರು.

ಮಗಳ ತೋಳಿನ ಕೆಂಪು ಗುರುತುಗಳಿಗೆ ಕೊಬ್ಬರಿ ಎಣ್ಣೆ ಸವರಿ, ಅವರಿಗೆ ನೀರು ತಂದುಕೊಟ್ಟೆ. ಕೂಗಾಡಿದ್ದಕ್ಕೆ ಏನಾದರೂ ಹೇಳಬೇಕೆನಿಸಿತು, ಬಾಯಿಗೆ ಬಂದದ್ದು ಬೇರೆಯೇ.

"ಮಾವಾರ, ನಿಮಗ ಈಜಾಕ ಬರ್ತೈತಲ್ರಿ?"

"ಎಲ್ಲಿ ಬರ್ತೈತವ್ವ," ಎಂದರು, ನೆಲ ನೋಡುತ್ತ. "ನಮ್ಮೂರಾಗ ಇದ್ದದ್ದು ಒಂದು ಸೇದೋ ಬಾವಿ."

ಬೆಳಿಗ್ಗೆ ನನ್ನ ಜಾಕೆಟ್ಟಿನ ಪಟ್ಟಿಯನ್ನು ಎಳೆದೆಳೆದು ಬಿಗಿದವರು ಅವರೇ.