ಫ್ಲೆಕ್ಸಿನ ಕೆಳಸಾಲಿನ ಮುಖಗಳು

ಗಂಗಾವತಿಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಕೂತು ನಾನು ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಗಂಡಸರ ತಲೆ ಕತ್ತರಿಸುವುದು. ಕತ್ತರಿಸಿ, ಬೆಳ್ಳಗೆ ಮಾಡಿ, ಕುಗ್ಗಿಸಿ, ಒಂದೊಂದನ್ನೂ ಒಂದೊಂದು ದುಂಡನೆಯ ಚೌಕಟ್ಟಿನಲ್ಲಿ ಕೂರಿಸುವುದು. ನೀವು ನೋಡಿಯೇ ಇರುತ್ತೀರಿ. ಫ್ಲೆಕ್ಸಿನ ಮುಕ್ಕಾಲು ಭಾಗ ನಾಯಕರೊಬ್ಬರು ಕೈಮುಗಿದು ನಿಂತಿರುತ್ತಾರೆ. ಅವರ ಪಾದದ ಬುಡದಲ್ಲಿ, ಅಂಗಿಗೆ ಹೊಲಿದ ಗುಂಡಿಗಳ ಹಾಗೆ, ಸಾಲಾಗಿ ಪುಟ್ಟ ಪುಟ್ಟ ಮುಖಗಳು. ಮೇಲೆ ‘ಶುಭ ಕೋರುವವರು’, ಕೆಳಗೆ ‘ಅಭಿಮಾನಿ ಬಳಗ’. ಆ ಗುಂಡಿ ಹೊಲಿಯುವವಳು ನಾನು.

ಯಲಬುರ್ಗಾ ಕಡೆಯ ಹಳ್ಳಿಯವಳು. ಕೊಪ್ಪಳದಲ್ಲಿ ಫೋಟೋ ಎಡಿಟಿಂಗ್ ಕಲಿತೆ. ಕಲಿಯುವಾಗ ಮದುವೆ ಆಲ್ಬಂ ಮಾಡುತ್ತೇನೆ, ಪುಸ್ತಕದ ಹೊದಿಕೆ ಮಾಡುತ್ತೇನೆ ಎಂದುಕೊಂಡಿದ್ದೆ. ಹಣೆಯಲ್ಲಿ ಬರೆದದ್ದು ಅಭಿಮಾನಿಗಳ ಮಾರಿ.

ದೊಡ್ಡ ಮುಖಕ್ಕೆ ವಿದ್ಯೆ ಬೇಕಿಲ್ಲ. ನಾಯಕರ ಫೋಟೋ ಅವರ ಕಡೆಯಿಂದಲೇ ತಿದ್ದಿ ತೀಡಿ ಬರುತ್ತದೆ, ಎಳೆದು ಕೂರಿಸಿದರಾಯಿತು. ಕಷ್ಟವಿರುವುದು ಚಿಕ್ಕದರಲ್ಲಿ. ಅಭಿಮಾನಿಗಳು ಕಳಿಸುವ ಫೋಟೋಗಳನ್ನು ನೋಡಬೇಕು ನೀವು. ಯಾರದೋ ಮದುವೆಯಲ್ಲಿ ಬಾಯಿ ತುಂಬ ಲಾಡು ಇಟ್ಟುಕೊಂಡದ್ದು. ಹೆಗಲ ಮೇಲೆ ಗೆಳೆಯನ ಕೈ ಬಿದ್ದದ್ದು. ತಂಪು ಕನ್ನಡಕದೊಳಗೆ ಫೋಟೋ ತೆಗೆದವನೇ ಕಾಣುವಂಥದ್ದು. ಒಬ್ಬ ಮಹಾಶಯ ಮೊಬೈಲ್ ಪರದೆಯನ್ನೇ ಫೋಟೋ ಹೊಡೆದು ಕಳಿಸಿದ್ದ. ನೆತ್ತಿಯ ಮೇಲೆ ಟೈಮು, ಬ್ಯಾಟರಿ ಎಲ್ಲ ಇತ್ತು. ‘ಅದನ್ನ ತಗದು ಛಲೋ ಮಾಡ್ರಿ ಮೇಡಂ, ಹೀರೋ ಕಂಡಂಗ ಕಾಣ್ಬೇಕು’ ಎಂದು ಕೆಳಗೆ ಧ್ವನಿ ಸಂದೇಶ. ಹೆತ್ತ ತಾಯಿ ಮಾಡಲಾಗದ್ದನ್ನು ನಾನು ಮೌಸಿನಲ್ಲಿ ಮಾಡಬೇಕಂತೆ.

ಮಾಡುತ್ತೇನೆ, ಬಿಡಿ. ಮೊದಲು ಮುಖದ ಸುತ್ತ ಪೆನ್ ಟೂಲಿನಿಂದ ಗೆರೆ ಎಳೆದು ಹಿಂದಿನದನ್ನೆಲ್ಲ ಅಳಿಸುತ್ತೇನೆ. ಕೂದಲ ಅಂಚನ್ನು ಮಾತ್ರ ತುಸು ಮೆತ್ತಗೆ ಬಿಡಬೇಕು, ಇಲ್ಲದಿದ್ದರೆ ಟೋಪಿ ಹಾಕಿದ ಹಾಗೆ ಕಾಣುತ್ತದೆ. ಚೌಕಟ್ಟಿನೊಳಗೆ ಮುಖವನ್ನು ಎಷ್ಟು ಸಾಧ್ಯವೋ ಅಷ್ಟು ದೊಡ್ಡದು ಮಾಡಬೇಕು. ಕಿವಿ ತುದಿ ಹೋದರೂ ಚಿಂತೆಯಿಲ್ಲ. ಕುಗ್ಗಿಸಿದ ಮೇಲೆ ಕಣ್ಣು ಎರಡು ಚುಕ್ಕೆ, ಮೀಸೆ ಒಂದು ಗೀಟು, ಅಷ್ಟೇ ಉಳಿಯುವುದು. ಅದಕ್ಕೇ ಆ ಎರಡನ್ನು ಮೊದಲೇ ಕಪ್ಪು ಮಾಡಿಕೊಳ್ಳಬೇಕು. ಶಾರ್ಪ್ ಮಾಡುವುದು ಕುಗ್ಗಿಸಿದ ನಂತರ, ಮೊದಲಲ್ಲ. ಆಮೇಲೆ ಸುತ್ತ ಸಣ್ಣದೊಂದು ಬಿಳಿ ಗೆರೆ, ಅದರಾಚೆ ಬಂಗಾರದ ಬಣ್ಣದ್ದು. ಬಂಗಾರ ಇಲ್ಲದಿದ್ದರೆ ಫ್ಲೆಕ್ಸ್ ಮಾಡಿಸುವ ಅಭಿಮಾನಿ ಸಂಘದ ಅಧ್ಯಕ್ಷ ಮುಖ ಸಿಂಡರಿಸುತ್ತಾನೆ.

ಮೈಯದು ಬೇರೆ ಕಥೆ. ಬರೀ ಮುಖ ಸಾಲದು, ಎದೆಯೂ ಕಾಣಬೇಕು ಎನ್ನುವವರಿಗೆಂದು ನಮ್ಮ ಕಂಪ್ಯೂಟರಿನಲ್ಲಿ ಒಂದು ಬಿಳಿ ಅಂಗಿಯ ಮೈ ಇದೆ. ಇಸ್ತ್ರಿ ಮುರಿಯದ ಕಾಲರು, ಹೆಗಲಿಗೊಂದು ಶಾಲು, ಮುಗಿದ ಕೈ. ಗಂಗಾವತಿ, ಕುಷ್ಟಗಿ ಕಡೆಯ ಎಷ್ಟು ತಲೆಗಳನ್ನು ಅದರ ಮೇಲೆ ಕೂರಿಸಿದ್ದೇನೋ ಲೆಕ್ಕವಿಲ್ಲ. ಭತ್ತದ ವ್ಯಾಪಾರಿಗೂ ಅದೇ ಎದೆ, ಟ್ರ್ಯಾಕ್ಟರ್ ಮೆಕ್ಯಾನಿಕ್ಕಿಗೂ ಅದೇ ಎದೆ. ಒಬ್ಬನಿಗೂ ಇದುವರೆಗೆ ಇದು ನನ್ನ ಮೈಯಲ್ಲ ಎಂಬ ಅನುಮಾನ ಬಂದಿಲ್ಲ. ಬರುವುದು ಒಂದೇ ತಕರಾರು: ‘ನಂದು ಸಣ್ಣದಾತು ಅಲ್ರೀ?’ ಪರದೆಯ ಮೇಲೆ ಬೆರಳಿಟ್ಟು ಅಳೆಯುತ್ತಾರೆ, ನಾಚಿಕೆಗೆಟ್ಟವರು. ಎಲ್ಲ ದುಂಡುಗಳೂ ಒಂದೇ ಅಳತೆಯವು. ಗಲಾಟೆ ಮಾಡಿದವನ ಮುಖದ ಹಿಂದೆ ತುಸು ಬೆಳಕು ಹೆಚ್ಚಿಸುತ್ತೇನೆ. ಬೆಳ್ಳಗಿದ್ದದ್ದು ದೊಡ್ಡದಾಗಿ ಕಾಣುತ್ತದೆ. ‘ಈಗ ಖರೇ ಬಂತು ನೋಡ್ರಿ’ ಎಂದು ಎದೆ ಉಬ್ಬಿಸಿಕೊಂಡು ಹೋಗುತ್ತಾನೆ. ಇಂಥವರು ಊರಿಗೆ ದಾರಿ ತೋರಿಸುವವರು!

ಹೋದ ಮಳೆಗಾಲದ ಆರಂಭದಲ್ಲಿ ಒಬ್ಬ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಬಂತು. ಅದರ ಸಾಲಿನಲ್ಲಿ ಹೇಮಗುಡ್ಡದಾಚೆಯ ಒಂದು ಹಳ್ಳಿಯವನಿದ್ದ. ನಮ್ಮ ಅಂಗಡಿಯ ಖಾಯಂ ಗಿರಾಕಿ. ಅವನ ಮುಖದ ಕೆಳಗೆ ಅವನ ಹೆಸರು, ಹೆಸರಿನ ಕೆಳಗೆ ‘ಗ್ರಾಮ ಪಂಚಾಯತಿ ಸದಸ್ಯರು’. ಚುನಾವಣೆಯಲ್ಲಿ ಗೆದ್ದವಳು ಅವನ ಹೆಂಡತಿ. ಸೀಟು ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು, ಹೆಂಡತಿಯನ್ನು ನಿಲ್ಲಿಸಿದ. ಗೆದ್ದ ದಿನ ಹಾರ ಹಾಕಿಸಿಕೊಂಡವನು ಇವನು. ಅಂದಿನಿಂದ ಎಲ್ಲ ಫ್ಲೆಕ್ಸಿನಲ್ಲೂ ಸದಸ್ಯರು ಇವನೇ. ಹೀಗೆ ಹೆಂಡತಿಯ ಹುದ್ದೆಯನ್ನು ತನ್ನ ಮೀಸೆಯ ಕೆಳಗೆ ಅಂಟಿಸಿಕೊಳ್ಳುವವನು ಇವನೊಬ್ಬನೇ ಅಲ್ಲ, ನಮ್ಮ ಕಡೆ ಇದು ಪದ್ಧತಿಯೇ ಆಗಿಬಿಟ್ಟಿದೆ. ನನಗೂ ಅಭ್ಯಾಸವಾಗಿತ್ತು.

ನಮೂನೆಯನ್ನು ಸಂಘದವರಿಗೆ ಕಳಿಸಿ ಒಪ್ಪಿಗೆ ಬಂದಾಗಿತ್ತು. ಪ್ರಿಂಟಿಗೆ ಕೊಡಬೇಕು ಎನ್ನುವ ಹೊತ್ತಿಗೆ ಒಬ್ಬ ಹೆಣ್ಣುಮಗಳು ಒಳಗೆ ಬಂದಳು. ನಲವತ್ತರ ಆಸುಪಾಸು, ತಲೆ ತುಂಬ ಸೆರಗು, ದೊಡ್ಡ ಮೂಗುತಿ, ಕೈಯಲ್ಲಿ ಸಂತೆಯ ಚೀಲ. ನನ್ನ ಪರದೆಯ ಮೇಲಿನ ಸಾಲನ್ನು ಕಣ್ಣು ಕಿರಿದು ಮಾಡಿ ನೋಡಿ ಒಂದು ದುಂಡಿನ ಮೇಲೆ ಬೆರಳಿಟ್ಟಳು.

‘ಇವ್ರು ನಮ್ಮ ಮನಿಯವ್ರು. ಇವ್ರನ್ನ ತಗದು ಇಲ್ಲಿ ನನ್ನ ಹಾಕ್ರಿ ಅಕ್ಕಾರ.’

ಯಾಕೆ ಎಂದು ಕೇಳಿದೆ. ಆಕೆ ಚೀಲವನ್ನು ಕೆಳಗಿಟ್ಟು ಹೇಳಿದಳು. ಅವರ ಓಣಿಯ ಅಂಗನವಾಡಿಯ ಚಾವಣಿಯಿಂದ ಗಾರೆ ಕಳಚಿ ಅನ್ನದ ಡಬರಿಯೊಳಗೆ ಬಿದ್ದಿತ್ತು. ಮಕ್ಕಳು ಆಚೆ ಕೈ ತೊಳೆಯುತ್ತಿದ್ದರು, ಬಚಾವಾದರು. ಈಕೆ ಅರ್ಜಿ ಹಿಡಿದು ಇಲ್ಲಿಯ ಒಂದು ಕಚೇರಿಗೆ ಬಂದಳು. ಸಾಹೇಬರು ಅರ್ಜಿಯನ್ನು ಮುಟ್ಟಲಿಲ್ಲವಂತೆ. ಕಿಟಕಿಯಾಚೆ, ಸಂಘದವರು ಯಾವಾಗಲೂ ಫ್ಲೆಕ್ಸ್ ಕಟ್ಟುವ ಎದುರು ಗೋಡೆಯ ಮೇಲಿದ್ದ ಹಳೆಯದೊಂದನ್ನು ತೋರಿಸಿ, ‘ಮೆಂಬರ್ ಅಲ್ಲದಾರ ನೋಡ್ರಿ. ಅವ್ರನ್ನ ಕಳಸ್ರಿ’ ಎಂದರಂತೆ.

‘ನಿಮ್ಮ ಮನೆಯವರನ್ನೇ ಕಳಿಸಬಹುದಿತ್ತಲ್ಲ?’

‘ಹೇಳಿ ಹೇಳಿ ಸಾಕಾತ್ರಿ. ಅವ್ರಿಗೆ ಹುಟ್ಟುಹಬ್ಬದ ಓಡಾಟ ಐತಿ. ಮಳಿ ಚಾಲೂ ಆಗೇತಿ. ಇನ್ನೊಮ್ಮೆ ಗಾರಿ ಬಿದ್ರ ಕೂಸಿನ ತಲಿ ಮ್ಯಾಲೆ ಬೀಳತೈತಿ. ಆ ಸಾಹೇಬ್ರು ನನ್ನ ಮಾತು ನಂಬಂಗಿಲ್ಲ, ಫ್ಲೆಕ್ಸ್ ನಂಬತಾರ. ಅದಕ್ಕ ಬಂದೆ.’

ನನಗೆ ಮೈಯೆಲ್ಲ ಉರಿಯಿತು. ಜೀವಂತ ಹೆಂಗಸು ಎದುರಿಗೆ ನಿಂತು ಮೆಂಬರ್ ನಾನೇ ಅಂದರೆ ನಂಬದವನು, ನಾನು ಇಲ್ಲಿ ಕೂತು ಮೀಸೆಗೆ ಕಪ್ಪು ಬಳಿದು ಕಳಿಸಿದ ಗುಂಡಿಯನ್ನು ನಂಬುತ್ತಾನೆ. ಥೂ, ಅವನ ಕುರ್ಚಿಗಿಷ್ಟು!

ನಮ್ಮ ಮಾಲೀಕರು ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. ಗಿರಾಕಿ ಕೈಬಿಟ್ಟು ಹೋದಾನೆಂಬ ಭಯದಲ್ಲಿ ಹೊರಗೆ ಬಂದವರೇ, ‘ಆಗಂಗಿಲ್ಲ ಬಿಡವಾ, ಹೆಣ್ಮಕ್ಕಳ ಮೈ ನಮ್ಮ ಕಡೆ ಇಲ್ಲ’ ಎಂದರು. ಅವರಿಗೆ ಹೊಳೆದ ನೆಪ ಅದು. ನಿಜವೇ, ಅಷ್ಟೂ ವರ್ಷ ಆ ಕಂಪ್ಯೂಟರಿನಲ್ಲಿ ಒಂದು ಸೀರೆಯುಟ್ಟ ಮೈ ಬೇಕಾಗಿರಲಿಲ್ಲ.

‘ಅವರ ಮೈ ಅವರಿಗೇ ಇದೆಯಲ್ಲ’ ಎಂದೆ. ‘ಇನ್ನೊಂದು ಮಾತು ಕೇಳಿ. ಹುದ್ದೆ ತಪ್ಪು ಬಿದ್ದರೆ ಮರುಪ್ರಿಂಟ್ ಅಂಗಡಿಯ ಖರ್ಚಿನಲ್ಲಿ ಅಂತ ಬೋರ್ಡ್ ಬರೆಸಿದವರು ನೀವೇ. ಸದಸ್ಯರು ತಾವೇ ಬಂದು ತಪ್ಪು ತೋರಿಸಿದ್ದಾರೆ. ಪ್ರಿಂಟ್ ಮಾಡಲೋ, ತಿದ್ದಲೋ?’

ಮರುಪ್ರಿಂಟ್ ಎಂಬ ಶಬ್ದ ಕೇಳಿದರೆ ನಮ್ಮ ಮಾಲೀಕರು ಮೊದಲು ಜೇಬು ಮುಟ್ಟಿಕೊಳ್ಳುತ್ತಾರೆ. ಅಧ್ಯಕ್ಷನೊಬ್ಬನನ್ನು ಉಪಾಧ್ಯಕ್ಷ ಎಂದು ಹಾಕಿ ಒಮ್ಮೆ ಪೂರ್ತಿ ಫ್ಲೆಕ್ಸ್ ಮತ್ತೆ ಹೊಡೆದುಕೊಟ್ಟವರು. ‘ಏನರ ಮಾಡ್ಕೋರಿ, ನನ್ನ ಹೆಸರ ತರಬ್ಯಾಡ್ರಿ’ ಎಂದು ಚಹಾ ಕುಡಿಯಲು ಎದುರಿನ ಹೋಟೆಲಿಗೆ ಹೋದರು.

ಆಕೆಯನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದೆ. ಸೆರಗು ಹಿಂದೆ ಸರಿಸಿದರೆ ಮುಖ ಚೆನ್ನಾಗಿ ಬರುತ್ತದೆ ಎಂದೆ.

‘ಇರ್ಲಿ ಬಿಡ್ರಿ. ಸೆರಗಿಲ್ದ ನಾನು ಕಚೇರಿಗೆ ಹೋಗಂಗಿಲ್ಲ. ಗುರುತ ಸಿಗಬೇಕಲ್ಲ.’

ಕಂಪ್ಯೂಟರಿನ ಮುಂದೆ ಕೂತಾಗ ಕೈ ರೂಢಿಯಂತೆ ಮುಖ ಬೆಳ್ಳಗೆ ಮಾಡಲು ಹೋಯಿತು. ಹಿಂದೆ ನಿಂತಿದ್ದವಳು ತಡೆದಳು.

‘ಬೆಳ್ಳಗ ಮಾಡಬ್ಯಾಡ್ರಿ. ನಾ ಏನ ಮದುವಿ ಹೆಣ್ಣಲ್ಲ. ಕಿಟಕಿಯಿಂದ ನೋಡಿದ್ರ ನಾನ ಅಂತ ಗೊತ್ತಾಗಬೇಕು.’

ಅಲ್ಲಿಯವರೆಗೆ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಉಳಿದವರನ್ನೆಲ್ಲ ಬೆಳ್ಳಗೆ ಮಾಡಿ ಮಾಡಿ ಒಂದೇ ಹಿಟ್ಟಿನ ಉಂಡೆಗಳ ಹಾಗೆ ಇಟ್ಟಿದ್ದೆ. ಅವರ ಹೆಂಡಿರೇ ಬಂದರೂ ಯಾರು ಯಾರೆಂದು ತಡಕಬೇಕಿತ್ತು. ಇದನ್ನು ಬೇರೆ ರೀತಿ ಮಾಡಿದೆ. ಮುಖದ ಕಪ್ಪನ್ನು ಹಾಗೇ ಬಿಟ್ಟು ಹಿಂದೆ ತಿಳಿ ಬಣ್ಣ ಕೊಟ್ಟೆ. ಸೆರಗಿನ ಹಸಿರು ಅಂಚನ್ನು ಕತ್ತರಿಸದೆ ಚೌಕಟ್ಟಿನ ಗೆರೆ ದಾಟಿ ಮೇಲೆ ಬರುವಂತೆ ಬಿಟ್ಟೆ. ಕುಂಕುಮ, ಮೂಗುತಿ ಎರಡನ್ನೂ ಇರುವುದಕ್ಕಿಂತ ತುಸು ಹಿಗ್ಗಿಸಿದೆ. ಕುಗ್ಗಿಸಿದ ಮೇಲೆ ಉಳಿಯುವುದು ಅವೇ. ಹೆಸರು ಬದಲಿಸಿದೆ, ಹುದ್ದೆಯನ್ನು ಮುಟ್ಟಲಿಲ್ಲ. ಆಮೇಲೆ ಪರದೆಯನ್ನು ರಸ್ತೆಯ ಕಡೆ ತಿರುಗಿಸಿ ಹೋಟೆಲಿನಲ್ಲಿದ್ದ ಮಾಲೀಕರನ್ನು ಕೂಗಿ ಕೇಳಿದೆ, ‘ಆ ಹಸಿರು ಸೆರಗಿನವರು ಯಾರು?’

‘ಈಗ ಬಂದಾಳಲ್ಲ, ಆ ಅಕ್ಕ’ ಎಂದರು, ಕಪ್ಪಿನಿಂದ ಬಾಯಿ ತೆಗೆಯದೆ. ರಸ್ತೆಯಾಚೆಯಿಂದ ಗುರುತು ಸಿಕ್ಕಿತು ಎಂದಮೇಲೆ ಕಿಟಕಿಯಿಂದ ಸಿಕ್ಕೇ ಸಿಗುತ್ತದೆ ಎಂದು ಪ್ರಿಂಟಿಗೆ ಕಳಿಸಿದೆ.

ಹುಟ್ಟುಹಬ್ಬದ ಬೆಳಿಗ್ಗೆ ಸಂಘದವರು ಅದನ್ನು ಒಯ್ದು ಕಚೇರಿಯ ಎದುರು ಗೋಡೆಗೇ ಕಟ್ಟಿದರು. ಕಟ್ಟುವಾಗ ಒಬ್ಬರ ಕಣ್ಣಿಗೂ ಆಕೆ ಬೀಳಲಿಲ್ಲ. ಹೇಗೆ ಬೀಳುತ್ತಾಳೆ? ಪ್ರತಿಯೊಬ್ಬನೂ ತನ್ನ ಮುಖ ಎಲ್ಲಿದೆ ಎಂದು ನೋಡಿಕೊಂಡ, ಅದರ ಪಕ್ಕ ನಿಂತು ಸೆಲ್ಫಿ ಹೊಡೆದುಕೊಂಡ, ಮುಗಿಯಿತು. ಪಕ್ಕದ ದುಂಡಿನಲ್ಲಿ ಎಮ್ಮೆಯ ಮುಖ ಇಟ್ಟಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಆಕೆ ನೇರ ಅಂಗಡಿಗೆ ಬಂದು ‘ಒಬ್ಬಾಕಿಗೆ ಧೈರ್ಯ ಸಾಲವಲ್ದು, ಬರ್ರಿ ಅಕ್ಕಾರ’ ಎಂದಳು. ಹೋದೆ. ಗೋಡೆಯ ಮುಂದೆ ಆಕೆಯ ಗಂಡ ನಿಂತಿದ್ದ. ಹೊಸ ಬಿಳಿ ಅಂಗಿ, ಕೈಯಲ್ಲಿ ಮೊಬೈಲು. ಸಾಲಿನ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ತನ್ನನ್ನು ಹುಡುಕುತ್ತಿದ್ದ. ಗೆಳೆಯರು ನಗಲು ಶುರು ಮಾಡಿದ್ದರು. ನಾವು ಅವನ ಬೆನ್ನ ಹಿಂದೆಯೇ ಕಚೇರಿಯ ಗೇಟು ದಾಟಿದೆವು. ಅವನು ತಿರುಗಿ ನೋಡಲಿಲ್ಲ. ತನ್ನ ಮುಖ ಕಳೆದುಕೊಂಡ ಗಾಬರಿಯಲ್ಲಿ ಹೆಂಡತಿಯ ಮುಖ ಯಾರಿಗೆ ಬೇಕು.

ಸಾಹೇಬರ ಕುರ್ಚಿಗೆ ಟವೆಲು ಹೊದಿಸಿತ್ತು. ನಮ್ಮನ್ನು ಕಂಡು ‘ಏನ್ರೀ?’ ಎಂದರು, ಕೂರಿ ಎನ್ನಲಿಲ್ಲ.

‘ಮೆಂಬರ್ರಿ ಸಾಹೇಬ್ರ. ಅಂಗನವಾಡಿ ಅರ್ಜಿ.’

‘ಮೆಂಬರ್ ಯಾರು?’

ಆಕೆ ಕಿಟಕಿಯ ಕಡೆ ಕೈ ಮಾಡಿದಳು. ಸಾಹೇಬರು ಫ್ಲೆಕ್ಸ್ ನೋಡಿದರು, ಆಕೆಯನ್ನು ನೋಡಿದರು, ಮತ್ತೆ ಫ್ಲೆಕ್ಸ್ ನೋಡಿದರು. ಮುಖ ಸಡಿಲವಾಯಿತು.

‘ಹೌದಲ್ರೀ, ನೀವ ಅದೀರಿ. ಕುಂದರ್ರಿ, ಕುಂದರ್ರಿ.’

ನನ್ನ ಜೀವನದಲ್ಲಿ ನನ್ನ ಕೆಲಸವನ್ನು ಇಷ್ಟು ಗಮನವಿಟ್ಟು ನೋಡಿದ ಮನುಷ್ಯ ಅವರೊಬ್ಬರೇ. ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಹುಟ್ಟಲಿಲ್ಲ, ಇದ್ದಬದ್ದದ್ದೂ ಹೋಯಿತು. ಅರ್ಜಿಯನ್ನು ಓದಿದರು, ತಲೆಯಾಡಿಸಿದರು, ಮಡಚಿ ಆಕೆಯ ಕಡೆಗೇ ಸರಿಸಿದರು.

‘ಆತು. ಯಜಮಾನ್ರು ಹೊರಗ ಅದಾರಲ್ಲ, ಅವ್ರನ್ನ ಒಳಗ ಕಳಸ್ರಿ. ಅವ್ರ ಜೋಡಿ ಮಾತಾಡಿ ಮಾಡ್ತೀನಿ.’

ನನಗೆ ಬಾಯಿಗೆ ಬಂದದ್ದು ಬರೆಯುವಂಥದ್ದಲ್ಲ. ಆಡುವಷ್ಟರಲ್ಲಿ ಆಕೆ ಮಾತಾಡಿದಳು. ಅರ್ಜಿಯ ಮಡಿಕೆ ಬಿಚ್ಚಿ, ಅಂಗೈಯಿಂದ ಸಾಫು ಮಾಡಿ, ಮತ್ತೆ ಅವರ ಮುಂದೆ ಇಟ್ಟಳು.

‘ಅವ್ರು ಫೋಟೋದಾಗ ಇಲ್ಲಲ್ರೀ ಸಾಹೇಬ್ರ.’

ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋದರು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಮುಖ ನೋಡಿದರು. ಗೋಡೆಯ ಬುಡದಲ್ಲಿ ಆಕೆಯ ಗಂಡ ಇನ್ನೂ ಹುಡುಕುತ್ತಲೇ ಇದ್ದ. ಸಾಹೇಬರು ತಿರುಗಿ ಬಂದು ಕೂತರು, ಮೊಹರು ಎಳೆದುಕೊಂಡು ಅರ್ಜಿಯ ಮೇಲೆ ಒತ್ತಿದರು.