ಬೀಜ ಬಂದ ಕೂಡಲೇ

ನಿನ್ನೆ ಸಂಜೆ ಪಕ್ಕದ ಹಿತ್ತಿಲಲ್ಲಿ ಮಕ್ಕಳು ತರಗೆಲೆ ಗುಡ್ಡೆ ಹಾಕಿ ಗೇರುಬೀಜ ಸುಟ್ಟರು. ಹೊಗೆ ನನ್ನ ಅಡುಗೆಮನೆಯವರೆಗೂ ಬಂತು. ಆಹಾ, ಬಾಲ್ಯದ ಪರಿಮಳ ಎಂದು ನಾನು ಬರೆಯುತ್ತೇನೆ ಅಂತ ನೀವು ಕಾದಿದ್ದರೆ ಕ್ಷಮಿಸಿ. ನನಗೆ ಬಂದದ್ದು ಸಿಟ್ಟು, ಮೂಗಿನಿಂದ ನೇರ ನೆತ್ತಿಗೆ. ವಯಸ್ಸಾದಂತೆ ಸಿಟ್ಟು ಕಡಿಮೆಯಾಗುತ್ತದಂತೆ. ನನಗೆ ಕಡಿಮೆಯಾದದ್ದು ಹಲ್ಲು ಮಾತ್ರ.

ಅಮ್ಮನ ತಂಗಿಯನ್ನು ನಾವು ಮಾವ್ಶಿ ಎನ್ನುತ್ತಿದ್ದೆವು. ಮದುವೆಯಾದ ಸ್ವಲ್ಪ ಸಮಯದಲ್ಲೇ ಅವಳ ಗಂಡ ತೀರಿಕೊಂಡಿದ್ದ. ಅಣ್ಣನ ಮನೆಗೆ ಹೋಗಿರು ಎಂದು ಎಲ್ಲರೂ ಹೇಳಿದರು, ಹೋಗಲಿಲ್ಲ. ಜೆಪ್ಪುವಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಗೇರುಬೀಜದ ಕಾರ್ಖಾನೆಗೆ ದುಡಿಯಲು ಹೋಗಿ, ತನ್ನ ಗಂಜಿ ತಾನೇ ಬೇಯಿಸಿಕೊಂಡಳು. "ಅತ್ತಿಗೆ ಬಡಿಸುವುದನ್ನು ಕಾದು ಕೂತು ಉಣ್ಲಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ್ತಿ" ಎಂದು ಅಮ್ಮನ ಹತ್ತಿರ ಹೇಳುತ್ತಿದ್ದಳು. ಆ ಕೋಣೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವಾಗ ಅವಳ ಗತ್ತು ನೋಡಬೇಕಿತ್ತು! ಕಾರ್ಖಾನೆಯ ಕೆಲಸ ಇದ್ದರೆ ಕೋಣೆ ಉಂಟು, ಇಲ್ಲದಿದ್ದರೆ ಇಲ್ಲ.

ಕೆಲಸವೇನು ಹೂ ಕಟ್ಟುವುದಲ್ಲ. ಹುರಿದ ಬೀಜವನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಹೊಡೆದು, ತಿರುಳು ತುಂಡಾಗದಂತೆ ಬಿಡಿಸಬೇಕು. ಸಿಪ್ಪೆಯ ಎಣ್ಣೆ ಚರ್ಮ ತಿನ್ನುತ್ತದೆ. ಎಷ್ಟು ಬೂದಿ ಹಚ್ಚಿಕೊಂಡರೂ ಬೆರಳು ಕಪ್ಪೇ. ಇಗರ್ಜಿಯಲ್ಲಿ ಕೈಮುಗಿದು ನಿಂತ ಹೆಂಗಸರನ್ನು ನೋಡಿದರೆ ಸಾಕು, ಯಾರು ಬೀಜದ ಕಾರ್ಖಾನೆಯವರು ಎಂದು ತಿಳಿಯುತ್ತಿತ್ತು. ಬೀಜ ಹೆಚ್ಚಾಗಿ ಬರುತ್ತಿದ್ದದ್ದು ಆಫ್ರಿಕಾದಿಂದ. ಹಡಗು ದೂರದಲ್ಲೇ ನಿಲ್ಲುತ್ತಿತ್ತು, ಗೋಣಿಗಳನ್ನು ದೋಣಿಯಲ್ಲಿ ಬಂದರಿಗೆ ತರುತ್ತಿದ್ದರು.

ಅರುವತ್ತರ ದಶಕದ ಒಂದು ಕ್ರಿಸ್ಮಸ್ ಸಮಯ. ಧನಿಗಳು, ಅಂದರೆ ಕಾರ್ಖಾನೆಯ ಮಾಲೀಕರು, ಇಬ್ಬರು ಬಿಳಿಯರನ್ನು ಕರೆತಂದರು. ಅವರ ಕುತ್ತಿಗೆಯಲ್ಲಿ ಕ್ಯಾಮೆರಾ. "ಇವರಿಗೆ ಕೆಲಸ ಸರಿಯಾಗಿ ತೋರಿಸಿ. ಕಾರ್ಖಾನೆ ದೊಡ್ಡದು ಮಾಡ್ಲಿಕ್ಕುಂಟು" ಎಂದರು. ಅಯ್ಯೋ, ನಮ್ಮವರ ಸಂಭ್ರಮವೇ! ಮರುದಿನ ಹಬ್ಬದ ಸೀರೆ ಉಟ್ಟು ಹೋದರು, ಆ ಎಣ್ಣೆಯ ಕಲೆ ಜನ್ಮದಲ್ಲಿ ಹೋಗುವುದಿಲ್ಲ ಎಂದು ಗೊತ್ತಿದ್ದೂ. ಮಾವ್ಶಿ ಒಬ್ಬ ದೊರೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಪೆಟ್ಟು ಎಲ್ಲಿ ಬೀಳಬೇಕು, ಎಷ್ಟು ಬೀಳಬೇಕು ಎಂದು ಕಲಿಸಿದಳು. ಅದೂ ಸಾಲದೆ ಎಲ್ಲರೂ ಸೇರಿ ಕುಸ್ವಾರ್, ಅಂದರೆ ನಮ್ಮ ಕ್ರಿಸ್ಮಸ್ಸಿನ ನೆವ್ರಿ, ಕಿಡಿಯೊ ಮುಂತಾದ ತಿಂಡಿಗಳ ತಟ್ಟೆ ಆಫೀಸಿಗೆ ಕಳಿಸಿದರು. ನಮ್ಮಲ್ಲಿ ಕುಸ್ವಾರಿನ ತಟ್ಟೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಆಫೀಸಿನಿಂದ ತಟ್ಟೆ ಬರಿದಾಗಿ ಬಂತು, ತೊಳೆದೂ ಇರಲಿಲ್ಲ. "ದೊರೆಗಳಿಗೆ ನಮ್ಮ ಕ್ರಮ ಗೊತ್ತಿಲ್ಲ, ಪಾಪ" ಎಂದಳು ಮಾವ್ಶಿ. ಪಾಪವಂತೆ! ದೊರೆಗಳಿಗೆ ಗೊತ್ತಿಲ್ಲ ಸರಿ, ಇದೇ ಊರಿನಲ್ಲಿ ಹುಟ್ಟಿದ ಧನಿಗೆ ಗೊತ್ತಿರಲಿಲ್ಲವಾ?

ಬಂದಿದ್ದವರು ಯಂತ್ರ ಮಾಡುವವರು. ಮುಂದಿನ ಮಳೆಗಾಲ ಕಳೆಯುವುದರೊಳಗೆ ಧನಿಗಳು ಅವರ ಜೊತೆ ಪಾಲು ಸೇರಿ ಆಫ್ರಿಕಾದಲ್ಲೇ ಕಾರ್ಖಾನೆ ಹಾಕಿದರು. ಇಲ್ಲಿಯ ಗೇಟಿಗೆ ಬೀಗ ಬಿತ್ತು. ಬೆಳೆದಲ್ಲೇ ಒಡೆದರೆ ಹಡಗಿನ ಖರ್ಚು ಉಳಿಯುತ್ತದೆ, ಯಂತ್ರ ಯೂನಿಯನ್ ಕಟ್ಟುವುದಿಲ್ಲ, ಹೆರಿಗೆಗೆ ರಜೆ ಕೇಳುವುದಿಲ್ಲ. ತಿಳಿದವರು ನನಗೆ ಇದನ್ನು ಬಹಳ ತಾಳ್ಮೆಯಿಂದ ವಿವರಿಸಿದ್ದಾರೆ. ಅರ್ಥವಾಗದ್ದು ಅದರಲ್ಲಿ ಎಂತದ್ದೂ ಇಲ್ಲ. ಮರ ಇರುವ ಊರಿನವರಿಗೆ ಕೆಲಸ ಸಿಕ್ಕಿತಲ್ಲ, ಅವರ ಮೇಲೂ ನನಗೆ ಸಿಟ್ಟಿಲ್ಲ. ನನ್ನ ಹೊಟ್ಟೆ ಉರಿಯುವುದು ಧನಿಯ ಒಂದೇ ಒಂದು ಮಾತಿಗೆ. ಗೇಟಿನ ಹೊರಗೆ ನಿಂತ ಹೆಂಗಸರಿಗೆ, "ಈ ಸಲ ಬೀಜ ಬರ್ಲಿಲ್ಲ. ಬಂದ ಕೂಡಲೇ ಕರೀತೇನೆ" ಎಂದರು. ಕಾರ್ಖಾನೆ ಮುಚ್ಚಿತು ಎನ್ನಲಿಲ್ಲ. ಮುಚ್ಚಿತು ಎಂದರೆ ಪರಿಹಾರ ಕೊಡಬೇಕಲ್ಲ!

ಅವರು ಕಾದರು. ಹಂಚಿನ ಕಾರ್ಖಾನೆಯಲ್ಲಿ ಮಾವ್ಶಿಗೆ ಕೆಲಸ ಸಿಗುವುದಿತ್ತು. "ಧನಿ ಕರೆದಾಗ ನಾನಿಲ್ಲದಿದ್ದರೆ ನನ್ನ ಜಾಗ ಹೋಗ್ತದೆ" ಎಂದು ಬಿಟ್ಟುಬಿಟ್ಟಳು. ಆಮೇಲೆ ಕೇಳಿದರೆ ಅಲ್ಲಿಯೂ ಇಲ್ಲ. ಅಡುಗೆ ಕೆಲಸ ಕೇಳಿಕೊಂಡು ಹೋದ ಮನೆಗಳಲ್ಲಿ, ಕ್ರಿಸ್ತರ ಹೆಂಗಸರನ್ನೆಲ್ಲ ಬಾಯಮ್ಮ ಎನ್ನುವವರು, ಅವಳ ಕೈ ನೋಡಿ, "ಇದೆಂತ ರೋಗ ಬಾಯಮ್ಮ?" ಎಂದು ಮೆಟ್ಟಿಲಲ್ಲೇ ನಿಲ್ಲಿಸಿದರು.

ಕೊನೆಗೆ ಒಂದು ದಿನ ಧನಿಯ ಮನೆಯಿಂದ ಕರೆ ಬಂತು. ಮಾವ್ಶಿ ಓಡಿದಳು. ನೋಡಿದರೆ ಧನಿಯ ಮಗಳ ಮದುವೆ. ಯಂತ್ರದಲ್ಲಿ ಒಡೆದದ್ದು ಬರೇ ತುಂಡು, ಮದುವೆಯ ಊಟಕ್ಕೆ ಇಡೀ ಬೀಜ ಬೇಕಂತೆ. ಊರ ಬೀಜದ ಗೋಣಿ ತರಿಸಿಟ್ಟಿದ್ದರು. ಹಿತ್ತಿಲಲ್ಲಿ ಕೂತು ಅಷ್ಟನ್ನೂ ಒಡೆದಳು. ಏಳುವಾಗ ಕೇಳಿದಳು, "ಧನಿ, ಸೋಮವಾರದಿಂದ ಗೇಟು ತೆರೀತದಾ?"

ಧನಿ ನಕ್ಕರಂತೆ. "ಎಂತ ಗೇಟು ಬಾಯಮ್ಮ? ಆ ಜಾಗ ಮಾರಿ ಆಯ್ತಲ್ಲ."

ಆ ವಾರವೇ ಅವಳು ಕೋಣೆ ಬಿಟ್ಟು ಅಣ್ಣನ ಮನೆ ಸೇರಿದಳು. ಸಾಯುವವರೆಗೂ ಅಲ್ಲಿ ಎಲ್ಲರ ಊಟ ಆದಮೇಲೆ, ಅತ್ತಿಗೆ ಕರೆದರೆ, ಊಟಕ್ಕೆ ಕೂರುತ್ತಿದ್ದಳು.

ಸಿಟ್ಟು ಇಳಿಯಿತು ಎಂದು ಬರೆದರೆ ಇದು ಚೆಂದವಾಗಿ ಮುಗಿಯುತ್ತದೆ. ಇಳಿದಿಲ್ಲ. ನಮ್ಮ ಮನೆಯಲ್ಲಿ ಈ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು, "ಮಾವ್ಶಿಯದ್ದೂ ಪೆದ್ದುತನ. ಯಾಕೆ ನಂಬಬೇಕಿತ್ತು?" ಎನ್ನುತ್ತಾರೆ. ನಾನೂ ಹೌದೆಂದು ತಲೆಯಾಡಿಸುತ್ತಾ ಬಂದವಳು. ಇನ್ನು ಆಡಿಸುವುದಿಲ್ಲ. ನಂಬಿದ್ದರಲ್ಲಿ ತಪ್ಪೆಂತ ಉಂಟು? ಮಾತು ಕೊಟ್ಟವನು ಅವನು.